ಮೈಲಿಗೆ ಬೇರೆ, ಕೊಳೆ ಬೇರೆ

ಕಳೆದ ವರ್ಷ ಆಟಿ ತಿಂಗಳಲ್ಲಿ ನಮ್ಮ ಶಾಲೆಯ ಏಳನೇ ತರಗತಿಯ ಹುಡುಗಿಯೊಬ್ಬಳ ಮನೆಯಲ್ಲಿ 20 ಬಾತುಮೊಟ್ಟೆ ಕಾವಿಗೆ ಇಟ್ಟರು. ಥರ್ಮಾಕೋಲ್ ಪೆಟ್ಟಿಗೆ, ಎರಡು ಬಲ್ಬು, ಒಂದು ಸಣ್ಣ ಫ್ಯಾನು, ಥರ್ಮೋಸ್ಟಾಟ್. ಪೆಟ್ಟಿಗೆ ಮಾಡಿಕೊಟ್ಟವರು ನಾವೇ. 28 ದಿನ ಕಳೆದಾಗ ಹೊರಬಂದದ್ದು 4 ಮರಿ. ಮೂರು ಮೊಟ್ಟೆ ಬೀಜವಿಲ್ಲದವು, ಐದು ಕೊಳೆತು ನಾರುತ್ತಿದ್ದವು, ಉಳಿದ ಎಂಟರಲ್ಲಿ ಪೂರ್ತಿ ಬೆಳೆದ ಮರಿಗಳು ಓಡಿನೊಳಗೇ ಸತ್ತಿದ್ದವು.

ನಾವು ನೋಡಲು ಹೋದಾಗ ಆ ಮನೆಯ ಅಜ್ಜಿ ಹೇಳಿದ್ದು ಒಂದೇ ಮಾತು: "ಮಾಷ್ಟ್ರೇ, ಇವಳು ಮುಟ್ಟಬಾರದ ದಿನ ಮುಟ್ಟಿದ್ದಾಳೆ. ಅದಕ್ಕೇ ಹೀಗಾದ್ದು." ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಆಮೇಲೆ ಒಂದು ವಾರ ತರಗತಿಯಲ್ಲಿ ತಲೆ ಎತ್ತಿ ಮಾತಾಡಲಿಲ್ಲ.

ಈ ಬರಹ ಆ ಒಂದು ಮಾತಿಗಾಗಿ. ಎಂಟು ಮರಿಗಳು ಸತ್ತದ್ದು ಹುಡುಗಿಯ ಮೈಲಿಗೆಯಿಂದ ಅಲ್ಲ. ಅವು ಸತ್ತದ್ದು ನೀರಿನ ಲೆಕ್ಕ ತಪ್ಪಿದ್ದರಿಂದ. ಐದು ಕೊಳೆತದ್ದು ಮೊಟ್ಟೆಗಳನ್ನು ತಪ್ಪು ರೀತಿಯಲ್ಲಿ "ಶುಚಿ" ಮಾಡಿದ್ದರಿಂದ. ಎರಡರಲ್ಲಿಯೂ ನಮ್ಮ ಪಾಲು ಇತ್ತು ಎಂದು ಮೊದಲೇ ಒಪ್ಪಿಕೊಳ್ಳುತ್ತೇವೆ.

ಮೊದಲು ನೀರಿನ ವಿಷಯ. ಬಾತುಮೊಟ್ಟೆಗೆ ಕೋಳಿಮೊಟ್ಟೆಗಿಂತ ಹೆಚ್ಚು ತೇವ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಹಾಗೆಂದು ನಾವು ಪೆಟ್ಟಿಗೆಯೊಳಗೆ ಅಗಲವಾದ ತಟ್ಟೆ ಇಟ್ಟು, ಅದು ಎಂದೂ ಖಾಲಿಯಾಗದಂತೆ ನೋಡಿಕೊಂಡೆವು. ಮಳೆಯ ಚಳಿ ಎಂದು ಗಾಳಿಯ ತೂತುಗಳಿಗೆ ಕಾಗದವನ್ನೂ ತುರುಕಿದೆವು! ಆದರೆ ಲೆಕ್ಕ ಹಾಕಿ ನೋಡಿ. ಆಟಿಯ ಮಳೆಯಲ್ಲಿ ನಮ್ಮ ಕಾಸರಗೋಡಿನ ಗಾಳಿ 27 ಡಿಗ್ರಿಯಲ್ಲಿ 90 ಶೇಕಡಾ ತೇವ ಹೊತ್ತಿದ್ದರೆ, ಅದೇ ಗಾಳಿ ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಬಿಸಿಯಾದಾಗ, ಒಂದು ಹನಿ ನೀರಿಡದಿದ್ದರೂ ಸುಮಾರು 50 ಶೇಕಡಾ ತೇವ ಇರುತ್ತದೆ. ಮೊದಲ 25 ದಿನಕ್ಕೆ ಬೇಕಾದದ್ದು 55ರಿಂದ 60. ಅಂದರೆ ಒಂದು ಸಣ್ಣ ಬಟ್ಟಲು ಸಾಕಿತ್ತು. ಅದೇ ಜನವರಿಯ ಮಧ್ಯಾಹ್ನ ಹೊರಗೆ 32 ಡಿಗ್ರಿ, ತೇವ 50 ಇದ್ದರೆ ಪೆಟ್ಟಿಗೆಯೊಳಗೆ 37ಕ್ಕೆ ಇಳಿಯುತ್ತದೆ. ಆದವಾನಿ, ರಾಯದುರ್ಗದ ಕಡೆಯ ನಮ್ಮವರ ಒಣ ಗಾಳಿಯಲ್ಲಿ ಅದು 20ಕ್ಕಿಂತಲೂ ಕೆಳಗೆ ಹೋದೀತು. ಒಂದೇ ಪೆಟ್ಟಿಗೆ, ಒಂದೇ ತಟ್ಟೆ, ಊರು ಮತ್ತು ತಿಂಗಳು ಬದಲಾದರೆ ಫಲವೂ ಬದಲು. ಇನ್ನೊಂದು ಮಾತು: ತೇವ ಹೆಚ್ಚಿಸುವುದು ನೀರಿನ ಆಳವಲ್ಲ, ಅಗಲ.

ತೇವ ಹೆಚ್ಚಾದರೆ ಏನಾಗುತ್ತದೆ? ಮೊಟ್ಟೆಯೊಳಗಿನ ನೀರು ಸಾಕಷ್ಟು ಹೊರಗೆ ಹೋಗುವುದಿಲ್ಲ. ದಪ್ಪ ತುದಿಯ ಗಾಳಿಗೂಡು ಸಣ್ಣದಾಗಿಯೇ ಉಳಿಯುತ್ತದೆ. ಮರಿ ಓಡು ಒಡೆಯುವ ಮೊದಲು ಉಸಿರಾಡುವುದು ಆ ಗೂಡಿನಿಂದಲೇ. ಜಾಗ ಸಾಲದೆ ಉಬ್ಬಿದ ಮರಿ ಅಲ್ಲಿಯೇ ಮುಗಿಯುತ್ತದೆ. ತೇವ ಕಡಿಮೆಯಾದರೆ ಇದರ ಉಲ್ಟಾ. ಒಳಪೊರೆ ಒಣಗಿ ಮರಿಯ ಮೈಗೆ ಅಂಟುತ್ತದೆ, ಅದು ತಿರುಗಲಾರದು.

ಇದನ್ನು ತಿಳಿಯಲು ದುಬಾರಿ ಯಂತ್ರ ಬೇಡ. ಎರಡು ಥರ್ಮಾಮೀಟರ್ ತೆಗೆದುಕೊಂಡು, ಒಂದರ ಬುರುಡೆಗೆ ಹತ್ತಿಬಟ್ಟೆ ಸುತ್ತಿ ಅದರ ತುದಿ ನೀರಿನಲ್ಲಿರುವಂತೆ ಮಾಡಿ. ಒಣ ಬುರುಡೆ 37.5 ತೋರಿಸುವಾಗ ಒದ್ದೆ ಬುರುಡೆ 30ರ ಹತ್ತಿರ ಇದ್ದರೆ ತೇವ 58ರ ಆಸುಪಾಸು. ಕೊನೆಯ ಮೂರು ದಿನ ಅದು 32ಕ್ಕೆ ಏರಬೇಕು, ಅಂದರೆ 68ರ ಹತ್ತಿರ. ಅದೂ ಬೇಡವೆಂದರೆ ಚಿಕ್ಕ ತಕ್ಕಡಿ ಸಾಕು. ಬಾತುಮೊಟ್ಟೆ 25 ದಿನದಲ್ಲಿ ಸುಮಾರು 13 ಶೇಕಡಾ ತೂಕ ಕಳೆದುಕೊಳ್ಳಬೇಕು. 70 ಗ್ರಾಂ ಮೊಟ್ಟೆ ಏಳನೇ ದಿನ 67.5, ಹದಿನಾಲ್ಕನೇ ದಿನ 65, ಇಪ್ಪತ್ತೈದನೇ ದಿನ 61 ಗ್ರಾಂ. ತೂಕ ಇಳಿಯದಿದ್ದರೆ ನೀರು ಕಡಿಮೆ ಮಾಡಿ, ಬೇಗ ಇಳಿದರೆ ಹೆಚ್ಚಿಸಿ. ಇದು ಏಳನೇ ತರಗತಿಯ ಶೇಕಡಾ ಲೆಕ್ಕ ಅಲ್ಲವೇ?

ಇನ್ನು ಶುಚಿತ್ವ. ಬಾತುಗಳು ಸಾಮಾನ್ಯವಾಗಿ ಬೆಳಗಿನ ಜಾವ ಮೊಟ್ಟೆ ಇಡುತ್ತವೆ. ಗೂಡಿನ ನೆಲ ಒದ್ದೆಯಾಗಿದ್ದರೆ ಮೊಟ್ಟೆಗೆ ಕೆಸರು, ಹಿಕ್ಕೆ ಮೆತ್ತುತ್ತದೆ. ನಾವು ಅವನ್ನು ನಲ್ಲಿಯ ತಣ್ಣೀರಲ್ಲಿ ಚೆನ್ನಾಗಿ ತಿಕ್ಕಿ ತೊಳೆದೆವು. ದೊಡ್ಡ ತಪ್ಪು ಅದೇ. ಓಡಿನಲ್ಲಿ ಸಾವಿರಾರು ಸೂಕ್ಷ್ಮ ತೂತುಗಳಿವೆ, ಅವುಗಳ ಮೇಲೊಂದು ರಕ್ಷಣೆಯ ಪೊರೆ. ತಿಕ್ಕಿದರೆ ಪೊರೆ ಹೋಗುತ್ತದೆ. ತಣ್ಣೀರು ತಾಗಿದಾಗ ಒಳಗಿನದು ಕುಗ್ಗಿ, ಹೊರಗಿನ ಕೊಳೆನೀರನ್ನು ರೋಗಾಣುಗಳ ಸಮೇತ ಒಳಕ್ಕೆ ಎಳೆದುಕೊಳ್ಳುತ್ತದೆ. ತೊಳೆದೂ ಕೊಳೆಸಿದಂತೆ! ಸರಿಯಾದ ಕ್ರಮವೆಂದರೆ ಗೂಡಿಗೆ ದಿನಾ ಒಣ ಬೈಹುಲ್ಲು ಹಾಕಿ, ಬೆಳಗ್ಗೆ ಬೇಗ ಮೊಟ್ಟೆ ಆಯ್ದು, ಶುಚಿಯಾದವನ್ನು ಮಾತ್ರ ಕಾವಿಗೆ ಇಡುವುದು. ಸ್ವಲ್ಪ ಮೆತ್ತಿದ್ದರೆ ಒಣಗಿದ ಮೇಲೆ ಮೆಲ್ಲಗೆ ಉಜ್ಜಿ ತೆಗೆಯಿರಿ. ತೊಳೆಯಲೇಬೇಕಾದರೆ ಮೊಟ್ಟೆಗಿಂತ ಬೆಚ್ಚಗಿನ ನೀರಲ್ಲಿ, ಸುಮಾರು 40 ಡಿಗ್ರಿಯಲ್ಲಿ ತೊಳೆದು ಕೂಡಲೇ ಒಣಗಿಸಿ. ಏಳನೇ ದಿನ ಕತ್ತಲಲ್ಲಿ ಮೊಬೈಲಿನ ಟಾರ್ಚ್ ಹಿಡಿದು ನೋಡಿ, ಬೀಜವಿಲ್ಲದವನ್ನೂ ಸತ್ತವನ್ನೂ ತೆಗೆಯಿರಿ. ಕೊಳೆತ ಒಂದು ಮೊಟ್ಟೆ ಒಳಗೆ ಸಿಡಿದರೆ ಪಕ್ಕದವೂ ಹೋಗುತ್ತವೆ. ಒಂದು ಸರದಿ ಮುಗಿದ ಮೇಲೆ ಪೆಟ್ಟಿಗೆಯನ್ನು ಸಾಬೂನು ನೀರಿನಿಂದ ತೊಳೆದು ಬಿಸಿಲಿಗೆ ಇಡದೆ ಮುಂದಿನದನ್ನು ಹಾಕಬೇಡಿ.

ಕೈಯ ವಿಷಯಕ್ಕೆ ಬರೋಣ. ಮೊಟ್ಟೆ ಮುಟ್ಟುವ ಮೊದಲು ಸಾಬೂನು, ಮುಟ್ಟಿದ ಮೇಲೂ ಸಾಬೂನು. ಬಾತುಮೊಟ್ಟೆ ಮತ್ತು ಮರಿಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ರೋಗಾಣು ತಗಲಬಹುದು. ಹಕ್ಕಿಜ್ವರವಂತೂ ನಮ್ಮ ರಾಜ್ಯಕ್ಕೆ ಹೊಸದಲ್ಲ. 2014ರಲ್ಲಿ ಆಲಪ್ಪುಳದ ಕಡೆ ಬಾತುಗಳನ್ನು ರಾಶಿ ರಾಶಿಯಾಗಿ ಕೊಲ್ಲಬೇಕಾಯಿತು. ಹಕ್ಕಿಗಳು ಒಟ್ಟೊಟ್ಟಿಗೆ ಸತ್ತರೆ ಮುಟ್ಟದೆ ಮೃಗಾಸ್ಪತ್ರೆಗೆ ತಿಳಿಸಬೇಕು. ಹಾಗಾಗಿ ನಾವು ತರಗತಿಯಲ್ಲಿ ಒಂದು ನಿಯಮ ಮಾಡಿದ್ದೇವೆ: ಕೈ ತೊಳೆದವರು ಯಾರೂ ಯಾವ ದಿನವೂ ಮುಟ್ಟಬಹುದು, ತೊಳೆಯದವರು ಹೆಡ್‌ಮಾಷ್ಟ್ರಾದರೂ ಮುಟ್ಟಬಾರದು. ಕೊಳೆ ಸಾಬೂನಿಗೆ ಹೋಗುತ್ತದೆ. ಮೈಲಿಗೆಯೆಂಬ ಮಾತು ಮಾತ್ರ ಮಗುವಿನ ಮನಸ್ಸಿಗೆ ಅಂಟಿದರೆ ಹೋಗುವುದಿಲ್ಲ.

ಅಜ್ಜಿಯನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಹೇಂಟೆಯನ್ನು ಬಾತುಮೊಟ್ಟೆಯ ಮೇಲೆ ಕೂರಿಸಿ, ಅದು ಮೇಯಲು ಎದ್ದಾಗ ಮೊಟ್ಟೆಗಳಿಗೆ ಕೈಯಿಂದ ನೀರು ಚಿಮುಕಿಸುತ್ತಿದ್ದವರು ಅವರ ಕಾಲದವರೇ. ಆ ಅನುಭವ ದೊಡ್ಡದು. ಆದರೆ ಮರಿ ಸತ್ತಾಗ ಕಾರಣ ಹುಡುಕದೆ ಕೈಗುಣವನ್ನೋ ಹೆಣ್ಣುಮಗುವನ್ನೋ ದೂರಿದರೆ ಮುಂದಿನ ಸರದಿಯೂ ಸಾಯುತ್ತದೆ, ಏಕೆಂದರೆ ತಟ್ಟೆಯ ನೀರು ಹಾಗೆಯೇ ಇರುತ್ತದೆ.

ಜನವರಿಯಲ್ಲಿ ಅದೇ ಮನೆಯಲ್ಲಿ 16 ಮೊಟ್ಟೆ ಇಟ್ಟೆವು. ಲೆಕ್ಕದ ಪುಸ್ತಕ ಹುಡುಗಿಯ ಕೈಯಲ್ಲಿತ್ತು. ದಿನಕ್ಕೆ ಐದು ಸಲ ಮಗುಚಿದ್ದು, ವಾರಕ್ಕೊಮ್ಮೆ ತೂಗಿದ್ದು, ಎರಡನೇ ಬಟ್ಟಲು ಇಟ್ಟ ದಿನ, ಎಲ್ಲ ಕನ್ನಡದಲ್ಲಿ ಬರೆದಿದ್ದಳು. ಕೊನೆಯ ಮೂರು ದಿನ ಮಗುಚಲೂ ಇಲ್ಲ, ಮುಚ್ಚಳ ತೆರೆಯಲೂ ಇಲ್ಲ; ಅದೇ ಕಷ್ಟದ ಕೆಲಸ! 11 ಮರಿ ಬಂದವು. ಅಜ್ಜಿ ಹಳೆಯ ಮಾತು ಎತ್ತಲಿಲ್ಲ. "ಆ ಬಟ್ಟಲಿನ ನೀರು ಇವತ್ತು ಬದಲಿಸಿದ್ದೀಯಾ?" ಎಂದು ಮೊಮ್ಮಗಳನ್ನು ಕೇಳುತ್ತಿದ್ದರು, ಅಷ್ಟೇ.

ಥರ್ಮೋಸ್ಟಾಟಿನ ಜೊತೆ ಬರುವ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಇಲ್ಲಿ ಸಿಗುವ ಕರಪತ್ರ ಮಲಯಾಳದಲ್ಲಿ. ನಮ್ಮ ಕನ್ನಡ ಶಾಲೆಗಳ ವೃತ್ತಿ ಪರಿಚಯದ ಅವಧಿಯಲ್ಲಿ ಇಂಥದ್ದೊಂದು ಪುಸ್ತಕವನ್ನು ಮಕ್ಕಳ ಕೈಯಲ್ಲೇ ಬರೆಸಬಹುದು. ಪಿಟಿಎ ಸಭೆಯಲ್ಲಿ ಅದನ್ನು ಅಮ್ಮಂದಿರ, ಅಜ್ಜಿಯಂದಿರ ಮುಂದೆ ಮಕ್ಕಳೇ ಓದಲಿ. ಏನಂತೀರಿ?