ಟ್ರಂಕಿನ ತಳದಲ್ಲಿ ಸಿಕ್ಕ ‘ಶೀಘ್ರದಲ್ಲೇ’

ದಸರೆಗೆ ಊರಿಗೆ ಹೋದಾಗ ಅವ್ವ ಹಚ್ಚಿದ ಮೊದಲ ಕೆಲಸ ಮುತ್ಯಾನ ಟ್ರಂಕು ಸ್ವಚ್ಛ ಮಾಡುವುದು. ‘ತಳಕ್ಕ ಹಾಸಿದ ಪೇಪರ್ ಹಳೇವಾಗ್ಯಾವ, ತಗದು ರದ್ದಿಗೆ ಹಾಕು ತಮ್ಮಾ’ ಎಂದಳು. ತೆಗೆಯಲು ಹೋದರೆ ಅದು ಒಂದು ಪದರವಲ್ಲ. ಹಳೆಯದನ್ನು ತೆಗೆಯುವ ಗೋಜಿಗೇ ಹೋಗದೆ ಆಗಾಗ ಮೇಲೊಂದು ಪೇಪರ್ ಹಾಸುತ್ತ ಬಂದಿದ್ದರು. ನಲವತ್ತು ವರ್ಷದ ಸುದ್ದಿ ಒಂದರ ಮೇಲೊಂದು ಮಲಗಿತ್ತು. ಅವನ್ನೆಲ್ಲ ಓದುತ್ತ ಕುಳಿತೆ. ಸ್ವಚ್ಛತೆ ಅಲ್ಲಿಗೇ ನಿಂತಿತು.

ಎಲ್ಲಕ್ಕಿಂತ ಕೆಳಗಿದ್ದದ್ದು 1979ರ ಜುಲೈ ತಿಂಗಳ ಪೇಪರು. ಅಮೆರಿಕದ ಸ್ಕೈಲ್ಯಾಬ್ ಭೂಮಿಗೆ ಬೀಳಲಿದೆ, ಎಲ್ಲಿ ಬೀಳುತ್ತದೋ ಹೇಳಲಾಗದು ಎಂಬ ಸುದ್ದಿ. ಅದರ ಪರಿಣಾಮವನ್ನು ನಾನು ಊಹಿಸಬೇಕಾಗಲಿಲ್ಲ, ಕಟ್ಟೆಯ ಮೇಲೆ ಕುಳಿತಿದ್ದ ಆಯಿ ಹೇಳಿದಳು. ಮುತ್ಯಾ ಈ ಸುದ್ದಿಯನ್ನು ಚಹಾದಂಗಡಿಯಲ್ಲಿ ಓದಿಸಿ ಕೇಳಿ ಬಂದವನೇ, ಜಾತ್ರೆಗೆಂದು ಸಾಕಿದ್ದ ಟಗರು ಕೊಯ್ಯಿಸಿ ಓಣಿಗೆಲ್ಲ ಊಟ ಹಾಕಿದನಂತೆ. ‘ಸಾಯೂ ಮುಂದ ಸಾಲ ಯಾಕ ತೀರಿಸಬೇಕು’ ಎಂದು ಕಿರಾಣಿ ಅಂಗಡಿಯವನಿಗೂ ಹೇಳಿ ಕಳಿಸಿದನಂತೆ. ಸ್ಕೈಲ್ಯಾಬ್ ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾಕ್ಕೂ ಬಿತ್ತು. ನಮ್ಮ ಮನೆಯ ಮೇಲೆ ಬಿದ್ದದ್ದು ಕಿರಾಣಿ ಅಂಗಡಿಯವನು.

ಕಟ್ಟನ್ನು ರದ್ದಿಗೆ ಹಾಕದೆ ವಿಜಯಪುರದ ರೂಮಿಗೆ ತಂದೆ. ರೂಮಿನಲ್ಲಿ ನಾವು ನಾಲ್ವರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರು ಒಬ್ಬೊಬ್ಬರು, ಸಿಂದಗಿ ಕಡೆಯವನು ನಾನು. ನಾಲ್ವರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಓದು ಬೇಸರವಾದಾಗ ಆಡಲು ಒಂದು ಆಟ ಸಿಕ್ಕಿತು. ಒಬ್ಬ ಹಳೆಯ ತಲೆಬರಹ ಓದಬೇಕು, ಅದು ಅಕ್ಷರಶಃ ನಿಜವಾಗಿದ್ದರೆ ಏನಾಗುತ್ತಿತ್ತು ಎಂದು ಉಳಿದವರು ಹೇಳಬೇಕು.

ಆಲಮಟ್ಟಿಯಿಂದ ಮುದ್ದೇಬಿಹಾಳದ ಮೇಲೆ ಯಾದಗಿರಿಗೆ ರೈಲು ಮಾರ್ಗ ಬೇಕೆಂಬ ಬೇಡಿಕೆಯ ಸುದ್ದಿ ಕಟ್ಟಿನಲ್ಲಿ ಮೂರು ಸಲ ಸಿಕ್ಕಿತು. ‘ಮೊದಲನೇ ಸಲಾನೇ ಆಗಿದ್ರ ನಮ್ಮಪ್ಪ ಮುದ್ದೇಬಿಹಾಳ ಸ್ಟೇಷನ್‌ನ್ಯಾಗ ಚಹಾ ಮಾರತಿದ್ದ, ನಾ ಇಷ್ಟೊತ್ತಿಗೆ ಟಿಸಿ ಆಗಿ ನಿಮಗ ದಂಡ ಹಾಕತಿದ್ದೆ’ ಎಂದ ಮುದ್ದೇಬಿಹಾಳದವನು. ಇಂಡಿಯವನು ಅವನನ್ನು ಸಮಾಧಾನ ಮಾಡಿದ: ‘ನಮಗ ಸ್ಟೇಷನ್ ಐತಿ, ಹೆಸರು ಇಂಡಿ ರೋಡ್. ಇಳದ ಮ್ಯಾಲೆ ಊರಿಗೆ ರೋಡ್ ಹಿಡೀಬೇಕು ಅಂತ ಬೋರ್ಡಿನಾಗ ಮೊದಲೇ ಹೇಳಿಬಿಟ್ಟಾರ.’ ಬಾಗೇವಾಡಿಯ ಸ್ಟೇಷನ್ನೂ ‘ಬಸವನ ಬಾಗೇವಾಡಿ ರೋಡ್’. ನಮ್ಮ ಸಿಂದಗಿಗೆ ಆ ರೋಡಿನ ಭಾಗ್ಯವೂ ಇಲ್ಲ.

ಬಾಗೇವಾಡಿಯವನ ಪಾಲಿಗೆ ಬಂದದ್ದು ಆಲಮಟ್ಟಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಅಣೆಕಟ್ಟು ಮುಗಿದದ್ದು 2005ರಲ್ಲಿ. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಹೇಳಿತು. ಅಂದಿನಿಂದ ಎತ್ತರ ಹೆಚ್ಚಿಸಲು ‘ಬದ್ಧ’ ಎಂಬ ಪದ ನಮ್ಮ ಜಿಲ್ಲಾ ಪುಟದಿಂದ ಇಳಿದೇ ಇಲ್ಲ. ಪ್ರತಿ ‘ಬದ್ಧ’ಕ್ಕೆ ಒಂದು ಇಂಚು ಎತ್ತರವಾಗಿದ್ದರೂ ಇಷ್ಟರಲ್ಲಿ ಗೋಳಗುಮ್ಮಟದ ತುದಿಗೆ ಹತ್ತಿ ನೋಡಿದವರಿಗೆ ಅಣೆಕಟ್ಟಿನ ಗೋಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

2017ರ ಬಜೆಟ್ಟಿನ ಹೊಸ ತಾಲ್ಲೂಕುಗಳ ಸುದ್ದಿ ಮಾತ್ರ ನಿಜವಾಯಿತು. ನಮ್ಮೂರು ಸಿಂದಗಿಯಿಂದ ದೇವರ ಹಿಪ್ಪರಗಿಗೆ ಹೋಯಿತು. ಅದಕ್ಕೂ ಮೊದಲೇ, 2014ರ ನವೆಂಬರ್ 1ಕ್ಕೆ, ವಿಜಾಪುರ ವಿಜಯಪುರವಾಗಿತ್ತು. ಈಗ ನನ್ನ ಹಳೆಯ ದಾಖಲೆಗಳಲ್ಲಿ ಒಂದು ಜಿಲ್ಲೆ, ಒಂದು ತಾಲ್ಲೂಕು. ಹೊಸ ಜಾತಿ-ಆದಾಯ ಪ್ರಮಾಣಪತ್ರದಲ್ಲಿ ಬೇರೆ ಜಿಲ್ಲೆ, ಬೇರೆ ತಾಲ್ಲೂಕು. ಮನೆ ಮಾತ್ರ ಇದ್ದಲ್ಲೇ ಇದೆ. ಇಂಡಿಯವನಿಗೆ ನಗು ತಡೆಯಲಿಲ್ಲ. ಅವರೂರಿನ ನಿಂಬೆಗೆ ಜಿಐ ಮಾನ್ಯತೆ ಸಿಕ್ಕಿದೆ. ‘ನಮ್ಮ ನಿಂಬಿಹಣ್ಣಿಗೆ ಎಲ್ಲಿ ಹುಟ್ಟೇನಿ ಅನ್ನೂದಕ್ಕ ದಾಖಲೆ ಐತಿ, ನಿನಗಿಲ್ಲ’ ಎಂದ.

ನಾನೂ ಸುಮ್ಮನಿರಲಿಲ್ಲ, 371ಜೆ ಸುದ್ದಿ ತೆಗೆದೆ. 2013ರಲ್ಲಿ ಜಾರಿಗೆ ಬಂದ ಈ ವಿಶೇಷ ಸ್ಥಾನಮಾನ ಕಲಬುರಗಿ ಭಾಗಕ್ಕಿದೆ, ವಿಜಯಪುರ ಜಿಲ್ಲೆಗಿಲ್ಲ. ಭೀಮಾ ನದಿಯ ಆ ದಂಡೆಯ ಅಫಜಲಪುರಕ್ಕಿದೆ, ಈ ದಂಡೆಯ ಇಂಡಿ, ಸಿಂದಗಿಗಿಲ್ಲ. ಬಿಸಿಲು ಒಂದೇ, ಬರ ಒಂದೇ, ಹಚ್ಚಿಕೊಂಡು ತಿನ್ನುವ ಶೇಂಗಾ ಹಿಂಡಿಯೂ ಒಂದೇ. ಈ ಸುದ್ದಿ ಮೊದಲೇ ಗೊತ್ತಿದ್ದರೆ ನಮ್ಮವ್ವ ಹೆರಿಗೆಗೆ ಸೇತುವೆ ದಾಟುತ್ತಿದ್ದಳೇನೋ.

ಹೀಗೆ ನಗುತ್ತ ಕಟ್ಟಿನ ಮೇಲಿನ ಪದರಗಳಿಗೆ ಬಂದೆವು. ಅಲ್ಲಿದ್ದದ್ದು ಬರೀ ನೇಮಕಾತಿ ಸುದ್ದಿ. ಸಾವಿರಾರು ಹುದ್ದೆ ಶೀಘ್ರದಲ್ಲೇ ಭರ್ತಿ. ಖಾಲಿ ಹುದ್ದೆ ತುಂಬಲು ಚಿಂತನೆ. ಹಂತಹಂತವಾಗಿ ನೇಮಕಾತಿ. ಇವನ್ನು ಯಾರೂ ಜೋರಾಗಿ ಓದಲಿಲ್ಲ, ಎಲ್ಲರೂ ತಮ್ಮ ತಮ್ಮ ವಯಸ್ಸು ಲೆಕ್ಕ ಹಾಕುತ್ತಿದ್ದೆವು.

ಗೆಳೆಯರೇ, ಲೆಕ್ಕ ನಿಮಗೂ ಗೊತ್ತಿದೆ. 545 ಪಿಎಸ್‌ಐ ಹುದ್ದೆಗಳಿಗೆ ಅಧಿಸೂಚನೆ ಬಂದದ್ದು 2021ರ ಜನವರಿಯಲ್ಲಿ. ಅಕ್ಟೋಬರ್ 3ಕ್ಕೆ ಲಿಖಿತ ಪರೀಕ್ಷೆ. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ಪರೀಕ್ಷೆ ರದ್ದು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಅದೇ ವರ್ಷ 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ಆಗಸ್ಟ್ 27ಕ್ಕೆ ನಡೆಯಿತು. ಕನ್ನಡ ಪ್ರಶ್ನೆಪತ್ರಿಕೆಯ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ಕ್ಕೆ ಮತ್ತೆ ಬರೆಯಬೇಕಾಯಿತು. ಆಗಲೂ ಅನುವಾದದ ದೂರು ತಪ್ಪಲಿಲ್ಲ. ಇಲ್ಲಿ ಪರಿಣಾಮಗಳನ್ನು ಊಹಿಸುವ ಅಗತ್ಯವೇ ಇಲ್ಲ. ರೂಮಿನ ಬಾಡಿಗೆ, ಮೆಸ್ಸಿನ ಬಾಕಿ, ಮುಂದೂಡಿದ ಮದುವೆ, ಮುಗಿಯುತ್ತ ಬಂದ ವಯೋಮಿತಿ.

ನನ್ನದನ್ನೂ ಹೇಳಿಬಿಡುತ್ತೇನೆ. ಇನ್ನೆರಡು ತಿಂಗಳಲ್ಲಿ ನೇಮಕಾತಿ ಎಂಬ ಒಂದು ತಲೆಬರಹ ನೋಡಿ, ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಬಿಟ್ಟು ಕೋಚಿಂಗ್‌ಗೆ ಬಂದೆ. ಅದಕ್ಕಾಗಿ ಅಪ್ಪ ಹಾಲು ಕೊಡುವ ಎಮ್ಮೆ ಮಾರಿದ. ಆ ಎರಡು ತಿಂಗಳು ಎರಡು ವರ್ಷ ದಾಟಿತು. ಸ್ಕೈಲ್ಯಾಬ್ ನಂಬಿ ಟಗರು ಕೊಯ್ಯಿಸಿದ ಮುತ್ಯಾನ ಕಥೆ ಕೇಳಿ ನಾನು ಬಿದ್ದು ಬಿದ್ದು ನಕ್ಕಿದ್ದೆ. ಆದರೆ ಮುತ್ಯಾ ಕಳೆದುಕೊಂಡದ್ದು ಒಂದು ಟಗರು, ಅದನ್ನೂ ಓಣಿಯವರೆಲ್ಲ ಉಂಡಿದ್ದರು. ನಮ್ಮ ಎಮ್ಮೆಯ ಲೆಕ್ಕ ಯಾರನ್ನು ಕೇಳುವುದು?

ಪತ್ರಿಕೆಯವರ ತಪ್ಪು ಎನ್ನುತ್ತಿಲ್ಲ. ಸಚಿವರು ‘ಶೀಘ್ರದಲ್ಲೇ’ ಎಂದರೆ ಅವರು ‘ಶೀಘ್ರದಲ್ಲೇ’ ಎಂದೇ ಅಚ್ಚು ಹಾಕಬೇಕು. ಆದರೆ ಓದುವ ನಾವು ಪದಗಳ ತೂಕ ಕಲಿಯಬೇಕು. ‘ಚಿಂತನೆ’ ಎಂದರೆ ಇನ್ನೂ ಏನೂ ಆಗಿಲ್ಲ. ‘ಪ್ರಸ್ತಾವ’ ಎಂದರೆ ಕಡತ ಒಂದು ಮೇಜಿನಿಂದ ಎದ್ದಿದೆ. ಆರ್ಥಿಕ ಇಲಾಖೆಯ ಒಪ್ಪಿಗೆ ಸಿಕ್ಕರೆ ತುಸು ಆಸೆ ಇಡಬಹುದು. ಅಧಿಸೂಚನೆ ಬಂದರೆ ಅರ್ಜಿ ಹಾಕಬಹುದು. ಎಮ್ಮೆ ಮಾರುವುದಂತೂ ಇದ್ಯಾವುದಕ್ಕೂ ಬೇಡ. ಕೈಯಲ್ಲಿರುವ ಸಣ್ಣ ಕೆಲಸ ಬಿಡದೆ ಬೆಳಗ್ಗೆ, ಸಂಜೆ ಓದಿ ಪಾಸಾದವರು ನಮ್ಮ ನಡುವೆಯೇ ಇದ್ದಾರೆ. ಅವರನ್ನು ಕೇಳಿ ನೋಡಿ.

ಪತ್ರಿಕೆಗಳಲ್ಲಿ ಒಂದು ಬೇಡಿಕೆಯೂ ಇದೆ. ಮಾತು ಕೊಟ್ಟ ಸುದ್ದಿಯನ್ನು ಒಂದು ವರ್ಷದ ನಂತರ ಅದೇ ದಿನ ಮತ್ತೊಮ್ಮೆ ಅಚ್ಚು ಹಾಕಿ, ಕೆಳಗೆ ಒಂದೇ ಸಾಲು ಬರೆಯಿರಿ: ಆಯಿತು ಅಥವಾ ಆಗಲಿಲ್ಲ. ಮಾತು ಕೊಡುವವರ ನಾಲಿಗೆಗೆ ಅಷ್ಟು ಲಗಾಮು ಸಾಕು.

ಅಲ್ಲಿಯವರೆಗೆ ನಾವೇ ಆ ಕೆಲಸ ಶುರು ಮಾಡಿದ್ದೇವೆ. ರೂಮಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇವೆ. ಎಡಗಡೆ ತಲೆಬರಹ ಕತ್ತರಿಸಿ ಅಂಟಿಸಿ ತಾರೀಖು ಬರೆಯುತ್ತೇವೆ, ಬಲಗಡೆ ಖಾಲಿ ಬಿಡುತ್ತೇವೆ. ಮುಂದಿನ ಚುನಾವಣೆಗೆ ಮತ ಕೇಳಲು ಬಂದವರಿಗೆ ಮೊದಲು ಚಹಾ, ಆಮೇಲೆ ಈ ನೋಟ್‌ಬುಕ್.

ಟ್ರಂಕಿಗೆ ಹೊಸ ಪೇಪರ್ ಹಾಸಿಯೇ ಊರಿನಿಂದ ಬಂದಿದ್ದೆ. ಅದರಲ್ಲೂ ಯಾವುದೋ ಇಲಾಖೆಯ ಹುದ್ದೆಗಳು ‘ಶೀಘ್ರದಲ್ಲೇ’ ಭರ್ತಿಯಾಗಲಿದ್ದವು. ಅವ್ವ ‘ಓದಿದೇನು, ನಿನಗೇನರೆ ಅದ ಏನೋ?’ ಎಂದು ಕೇಳಿದಳು. ‘ಅದ ಬೇ, ಆದ್ರ ಎಮ್ಮಿ ಮಾರಬ್ಯಾಡ್ರಿ’ ಎಂದೆ.