ಜೀಪಿನ ವಯಸ್ಸು ಬಿಡಿ, ಬ್ರೇಕ್ ನೋಡಿ

ಚೆನ್ನೈಯಲ್ಲಿ ಹಳೇ ಜೀಪು ಕೊಳ್ಳಲು ಹೋಗುವವರಲ್ಲಿ ಹೊಸಬರು ಬಾನೆಟ್ ಎತ್ತಿ ಎಂಜಿನ್ ನೋಡುತ್ತಾರೆ. ಪಳಗಿದವರು ನೆಲಕ್ಕೆ ಗೋಣಿಚೀಲ ಹಾಸಿ, ಅಂಗಾತ ಮಲಗಿ, ಟಾರ್ಚ್ ಹಿಡಿದು ಚಾಸಿಯ ಅಡಿಗೆ ತಲೆ ತೂರಿಸುತ್ತಾರೆ. ಸಮುದ್ರದ ಗಾಳಿಗೆ ವರ್ಷಗಟ್ಟಲೆ ಮೈಯೊಡ್ಡಿದ ಕಬ್ಬಿಣದ ಗುಟ್ಟು ಮೇಲಿನಿಂದ ತಿಳಿಯುವುದಿಲ್ಲ. ಎರಡು ತಗಡು ಕೂಡುವ ಸಂದಿಯಲ್ಲಿ, ಡ್ರೈವರ್ ಸೀಟಿನ ಕೆಳಗಿರುವ ಪೆಟ್ರೋಲ್ ಟ್ಯಾಂಕಿನ ತಳದಲ್ಲಿ, ಕಮಾನುಪಟ್ಟಿಯ ಹ್ಯಾಂಗರ್ ಚಾಸಿಗೆ ಸೇರುವ ಜಾಗದಲ್ಲಿ ಉಪ್ಪು, ತೇವ ಎರಡೂ ಸೇರಿ ಒಳಗೊಳಗೇ ತಿಂದು ಹಾಕಿರುತ್ತವೆ. ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿದಾಗ ಠಣ್ ಎಂದರೆ ಮಾತು ಮುಂದುವರಿಸಬಹುದು. ತುದಿ ಮೆತ್ತಗೆ ಒಳಗಿಳಿದರೆ ವ್ಯಾಪಾರ ಅಲ್ಲಿಗೇ ಬಿಡುವುದು ಒಳ್ಳೆಯದು. 2015ರ ಡಿಸೆಂಬರ್ ಪ್ರವಾಹ, 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತ, ಹೀಗೆ ಎರಡೆರಡು ಸಲ ಬೀದಿಬೀದಿಗಳೇ ಮುಳುಗಿದ ಊರಿನಲ್ಲಿ ಈ ತಪಾಸಣೆಯನ್ನು ಯಾರೂ ತಪ್ಪಿಸುವಂತಿಲ್ಲ.

ಇಂಥ ಜೀಪನ್ನು ಮನೆ ಮುಂದಿನ ಪೋರ್ಟಿಕೋದಲ್ಲಿ ನಿಲ್ಲಿಸಿಕೊಂಡು, ರಜೆಯ ದಿನಗಳನ್ನೆಲ್ಲ ಅದಕ್ಕೇ ಸುರಿದು, ಸಂಬಳದಲ್ಲಿ ಮಿಕ್ಕಿದ ದುಡ್ಡಿನಲ್ಲೇ ಮತ್ತೆ ರಸ್ತೆಗಿಳಿಸುವವರು ಇದ್ದಾರೆ. ಅವರು ಮಾಡುವುದು ಬರೀ ಶೋಕಿಯಲ್ಲ. ಈ ದೇಶದ ಕಾಡುದಾರಿ, ಗದ್ದೆದಾರಿಗಳಲ್ಲಿ ದುಡಿದ ಯಂತ್ರವೊಂದನ್ನೂ ಅದರ ಜೊತೆಗೆ ಬೆಳೆದ ಕೈಕಸುಬನ್ನೂ ಅವರು ಉಳಿಸುತ್ತಿದ್ದಾರೆ. ಆದರೆ ಕಾನೂನಿನ ಕಣ್ಣಿಗೆ ಅವರು ಬಿದ್ದೇ ಇಲ್ಲ. ಅರಮನೆಯ ಶೆಡ್ಡಿನ ರೋಲ್ಸ್‌ರಾಯ್ಸ್‌ಗೆ ಒಪ್ಪುವ ಅಳತೆಗೋಲನ್ನೇ ತೋಟದಲ್ಲಿ ಕೂಲಿಯಾಳುಗಳನ್ನು ಹೊತ್ತ ಜೀಪಿಗೂ ಹಿಡಿದಿದ್ದಾರೆ. ಅದು ಬದಲಾಗಬೇಕು.

ಈ ಕೆಲಸಕ್ಕೆ ಚೆನ್ನೈಯಷ್ಟು ಒದಗಿಬರುವ ಊರು ದಕ್ಷಿಣದಲ್ಲಿ ಇನ್ನೊಂದಿಲ್ಲ. 1840ರಲ್ಲಿ ಕುದುರೆಗಾಡಿ ಕಟ್ಟುವ ಕಂಪನಿಯಾಗಿ ಶುರುವಾದ ಸಿಂಪ್ಸನ್ 1903ರ ಹೊತ್ತಿಗೆ ಮದರಾಸಿನ ಬೀದಿಯಲ್ಲಿ ಉಗಿಕಾರು ಓಡಿಸಿತ್ತು. ಮುಂದೆ ಅದೇ ಕಂಪನಿ ಪರ್ಕಿನ್ಸ್ ಡೀಸೆಲ್ ಎಂಜಿನ್‌ಗಳನ್ನು ತಯಾರಿಸಿತು. 1948ರಲ್ಲಿ ಅಶೋಕ್ ಮೋಟಾರ್ಸ್, 1950ರ ದಶಕದಲ್ಲಿ ತಿರುವೊಟ್ಟಿಯೂರಿನ ಎನ್‌ಫೀಲ್ಡ್ ಬಂದವು. ಈ ಕಾರ್ಖಾನೆಗಳ ನೆರಳಿನಲ್ಲಿ ಲೇಥ್ ತಿರುಗಿಸುವವರು, ಟಿಂಕರಿಂಗ್ ಮಾಡುವವರು, ರೇಡಿಯೇಟರ್ ಬೆಸುಗೆ ಹಾಕುವವರು ತಲೆಮಾರಿನಿಂದ ತಲೆಮಾರಿಗೆ ಕಲಿತು ಬಂದರು.

ಅವರ ಜಗತ್ತಿನ ನಡುಮಧ್ಯದಲ್ಲಿರುವುದು ಎಗ್ಮೋರ್ ಪಕ್ಕದ, ಕೂವಂ ದಂಡೆಯ ಪುದುಪೇಟೆ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳನ್ನೂ ಜೆ.ಸಿ. ರಸ್ತೆಯ ಬಿಡಿಭಾಗದ ಮಳಿಗೆಗಳನ್ನೂ ಒಂದೇ ಓಣಿಗೆ ತಂದು ಸುರಿದರೆ ಹೇಗಿದ್ದೀತೋ ಹಾಗಿದೆ ಆ ಜಾಗ. ಗುಜರಿಗೆ ಬಂದ ವಾಹನವನ್ನು ಅಲ್ಲಿ ಎಳೆಎಳೆಯಾಗಿ ಬಿಚ್ಚುತ್ತಾರೆ. ಗೇರ್‌ಬಾಕ್ಸ್ ಒಂದು ಅಂಗಡಿಗೆ ಹೋದರೆ ಆಕ್ಸೆಲ್ ಇನ್ನೊಂದಕ್ಕೆ, ಸ್ಟಿಯರಿಂಗ್ ಮತ್ತೊಂದಕ್ಕೆ. ಬೇಕಾದ ಭಾಗದ ಹೆಸರು ಹೇಳಿದರೆ ಸಾಲದು, ಸವೆದುಹೋದ ಹಳೆಯ ತುಣುಕನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು. ಪಕ್ಕದಲ್ಲಿಟ್ಟು ಹಲ್ಲು ಎಣಿಸಿ, ಅಳತೆ ಹೊಂದಿಸಿ ತರಬೇಕು. ಎಂಜಿನ್‌ನಂಥ ನಂಬರ್ ಇರುವ ಭಾಗ ಕೊಂಡರೆ ರಸೀದಿ ಕೇಳಿ ಪಡೆಯಲೇಬೇಕು. ಕಳವಿನ ವಾಹನದ ಭಾಗ ಕೈಗೆ ಬಂದರೆ ಉಳಿಸಿದ ದುಡ್ಡೆಲ್ಲ ಕೋರ್ಟು ಕಚೇರಿಗೆ ಹೋದೀತು.

ಕಡಿಮೆ ಖರ್ಚಿನಲ್ಲಿ ಮಾಡಬೇಕೆಂದರೆ ಯಾವ ವಾಹನ ಆರಿಸಿಕೊಳ್ಳುತ್ತೇವೆ ಎಂಬುದೇ ಅರ್ಧ ಕೆಲಸ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. 2.2 ಲೀಟರ್ ಎಂಜಿನ್, 60 ಅಶ್ವಶಕ್ತಿ, ಚಪ್ಪಟೆ ಮಡ್‌ಗಾರ್ಡ್. 1945ರಲ್ಲಿ ಲುಧಿಯಾನದಲ್ಲಿ ಹುಟ್ಟಿದ ಮಹೀಂದ್ರ ಕಂಪನಿ ಆ ದಶಕ ಮುಗಿಯುವುದರೊಳಗೆ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿತು. ಎತ್ತರದ ಬಾನೆಟ್ಟಿನ ಸಿಜೆ3ಬಿ ಮಾದರಿಯನ್ನು ಅಮೆರಿಕ 1968ರಲ್ಲೇ ನಿಲ್ಲಿಸಿದರೂ ಇಲ್ಲಿ ಅದರ ಸಂತಾನ ದಶಕಗಟ್ಟಲೆ ಬೆಳೆಯಿತು. ಒಂದೇ ಬಳಗದ ಗೇರು, ಆಕ್ಸೆಲ್, ಹಬ್‌ಗಳು ಅಷ್ಟು ವರ್ಷ ತಯಾರಾದ್ದರಿಂದಲೇ ಇವತ್ತಿಗೂ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಜಬಲ್ಪುರದ ಸೇನಾ ವಾಹನ ಕಾರ್ಖಾನೆ ನಿಸ್ಸಾನ್ ಪರವಾನಗಿಯಲ್ಲಿ ತಯಾರಿಸಿದ ಜೋಂಗಾ ನೋಡಲು ಗಂಭೀರ, ಓಡಿಸಲು ಇನ್ನೂ ಗಂಭೀರ. ಆದರೆ ಅದರ ಸುಮಾರು 4 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿಗೆ ಬಿಡಿಭಾಗ ಹುಡುಕುತ್ತ ಹೊರಟರೆ ಬಜೆಟ್ ಎಂಬ ಮಾತನ್ನೇ ಮರೆಯಬೇಕಾಗುತ್ತದೆ.

ಮನೆಯಲ್ಲೇ ಮಾಡಬಹುದಾದ ಕೆಲಸ ಜನ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು. ತುಕ್ಕು ಬಿಡಿಸುವುದನ್ನೇ ನೋಡಿ. ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿ ವಾಷಿಂಗ್ ಸೋಡಾ ಕರಗಿಸುತ್ತಾರೆ. ತುಕ್ಕು ಹಿಡಿದ ಬ್ರಾಕೆಟ್ಟನ್ನೋ ಬೋಲ್ಟುಗಳನ್ನೋ ಅದರಲ್ಲಿ ಇಳಿಬಿಟ್ಟು ಬ್ಯಾಟರಿ ಚಾರ್ಜರಿನ ಮೈನಸ್ ತಂತಿ ಸಿಕ್ಕಿಸುತ್ತಾರೆ. ಪ್ಲಸ್ ತಂತಿಗೆ ಕೆಲಸಕ್ಕೆ ಬಾರದ ಕಬ್ಬಿಣದ ತಗಡು. ಎರಡೂ ಒಂದಕ್ಕೊಂದು ತಾಗಬಾರದು. ಸ್ವಿಚ್ ಹಾಕಿದರೆ ನೊರೆ ಏಳುತ್ತದೆ. ಬೆಳಗ್ಗೆ ಎತ್ತಿ ನೋಡಿದರೆ ಕೆಂಪು ತುಕ್ಕು ಕಪ್ಪು ಮಸಿಯಾಗಿ ಮಾರ್ಪಟ್ಟು ವೈರ್ ಬ್ರಷ್ಷಿಗೆ ಉದುರುತ್ತದೆ, ಒಳ್ಳೆಯ ಕಬ್ಬಿಣ ಮಾತ್ರ ಹಾಗೇ ಉಳಿದಿರುತ್ತದೆ. ಸೋಡಾದ ಬದಲು ಅಡುಗೆ ಉಪ್ಪು ಹಾಕಿದರೆ ವಿಷಾನಿಲ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಗಡು ಬಳಸಿದರೆ ನೀರಿಗೆ ವಿಷಕಾರಿ ಕ್ರೋಮಿಯಂ ಇಳಿಯುತ್ತದೆ. ನೊರೆಯಲ್ಲಿ ಏಳುವುದು ಹೈಡ್ರೋಜನ್ ಆದ್ದರಿಂದ ಈ ಕೆಲಸ ಬಯಲಲ್ಲೇ ಆಗಬೇಕು, ಹತ್ತಿರ ಬೆಂಕಿ ಕೂಡದು. ತೊಳೆದು ಒರೆಸಿದ ಮೇಲೆ ತಡಮಾಡದೆ ಪ್ರೈಮರ್ ಬಳಿಯಬೇಕು. ಚೆನ್ನೈಯ ಗಾಳಿಯಲ್ಲಿ ಬರಿಮೈ ಕಬ್ಬಿಣ ಮತ್ತೆ ಕೆಂಪಾಗಲು ಬಹಳ ಹೊತ್ತು ಬೇಡ.

ಬ್ರೇಕಿನ ವಿಷಯಕ್ಕೆ ಬಂದರೆ ಉಳಿತಾಯದ ಲೆಕ್ಕ ಪೂರ್ತಿ ಪಕ್ಕಕ್ಕಿಡಬೇಕು. ಹಳೇ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ನಾಲ್ಕಕ್ಕೂ ಸೇರಿ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಆಯಿಲ್ ಲೈನು. ಎಲ್ಲೋ ಒಂದು ಕಡೆ ಪೈಪು ತೂತಾದರೂ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಗುತ್ತದೆ. ಆದ್ದರಿಂದ ವೀಲ್ ಸಿಲಿಂಡರಿನ ರಬ್ಬರ್, ಹೋಸ್, ಲೋಹದ ಪೈಪು ಎಲ್ಲ ಹೊಸದಾಗಬೇಕು. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುವ ಸಂಭವ ಇರುವುದರಿಂದ ಡ್ರಮ್ಮಿನೊಳಗಿನ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಕೊನೆಗೆ ಬ್ಲೀಡಿಂಗ್, ಅಂದರೆ ಬ್ರೇಕ್ ಲೈನಿನೊಳಗಿನ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು. ಒಬ್ಬರು ಪೆಡಲ್ ತುಳಿದು ಹಿಡಿದರೆ ಇನ್ನೊಬ್ಬರು ಚಕ್ರದ ಹಿಂದಿನ ನಿಪ್ಪಲ್ ಸಡಿಲಿಸುತ್ತಾರೆ. ಪಾರದರ್ಶಕ ಟ್ಯೂಬಿನಲ್ಲಿ ಗುಳ್ಳೆ ಹೊರಬರುತ್ತದೆ. ನಿಪ್ಪಲ್ ಬಿಗಿದ ಮೇಲೆಯೇ ಪೆಡಲ್ ಬಿಡಬೇಕು. ಗುಳ್ಳೆ ನಿಂತು ಪೆಡಲ್ ಕಾಲಿಗೆ ಗಟ್ಟಿ ಸಿಗುವವರೆಗೂ ಇದೇ. ಗಂಡ ಹೆಂಡತಿಯೋ ಅಪ್ಪ ಮಗಳೋ ಸೇರಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಬ್ರೇಕ್ ಆದ ಮೇಲೆ ಸ್ಟಿಯರಿಂಗ್, ವೈರಿಂಗ್, ಟೈರು. ಬಟ್ಟೆ ಸುತ್ತಿದ ಹಳೆಯ ವೈರು ಮುಟ್ಟಿದರೆ ಪುಡಿಯಾಗುವಂತಿದ್ದರೆ ತೇಪೆ ಹಾಕದೆ ಇಡೀ ವೈರಿಂಗ್ ಹೊಸದಾಗಿ ಎಳೆಯಬೇಕು. ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳು ಹಾಳಾಗುತ್ತವೆ. ಎಥೆನಾಲ್ ತೇವ ಹೀರುವುದರಿಂದ ನಿಂತ ಜೀಪಿನ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಜೀಪಿನ 6.00-16 ಅಳತೆಯ ಟೈರು ಇಂದಿಗೂ ಸಿಗುತ್ತದೆ. ಅದೇ ಅಳತೆಯ ಟ್ರ್ಯಾಕ್ಟರ್ ಮುಂಚಕ್ರದ ಟೈರು ಅಗ್ಗವೆಂದು ಹಾಕುವವರೂ ಇದ್ದಾರೆ. ಅದು ಹೊಲಕ್ಕೆ ಮಾಡಿದ್ದೇ ಹೊರತು ರಸ್ತೆಯ ವೇಗಕ್ಕಲ್ಲ. ಪೇಂಟಿಂಗ್ ಎಲ್ಲಕ್ಕಿಂತ ಕೊನೆಗೆ. ದುಡ್ಡು ಮುಗಿದು ಜೀಪು ಒಂದು ವರ್ಷ ಬರೀ ರೆಡ್ ಆಕ್ಸೈಡಿನಲ್ಲೇ ನಿಂತರೂ ನಷ್ಟವೇನಿಲ್ಲ. ಪುಟ್ಟಿ ಮೆತ್ತಿ ಫಳಫಳ ಬಣ್ಣ ಹೊಡೆಸಿ, ಅಡಿಯಲ್ಲಿ ಕೊಳೆತ ಚಾಸಿ ಉಳಿಸಿಕೊಂಡ ಜೀಪು ಮಾತ್ರ ಓಡಿಸುವವರಿಗೂ ಎದುರು ಬರುವವರಿಗೂ ಅಪಾಯ.

ಇಷ್ಟೆಲ್ಲ ಆಗಿ ಆರ್‌ಸಿ ಪುಸ್ತಕ ಹಿಡಿದು ಆರ್‌ಟಿಒ ಕಚೇರಿಗೆ ಹೋದರೆ ಬೇರೆಯೇ ಲೆಕ್ಕ ಎದುರಾಗುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಸ್ವಂತ ಬಳಕೆಯ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರು, 10 ವರ್ಷದ ನೋಂದಣಿ, 20,000 ರೂಪಾಯಿ ಶುಲ್ಕ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿಗೆಂದು ಓಡಿಸಬಹುದು. ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಅಲ್ಲಿವರೆಗೆ ಸರಿಯೇ. ತೊಡಕು ಇರುವುದು ಇನ್ನೊಂದು ಷರತ್ತಿನಲ್ಲಿ. ಚಾಸಿ, ಬಾಡಿ, ಎಂಜಿನ್ ಯಾವುದರಲ್ಲೂ ದೊಡ್ಡ ಮಾರ್ಪಾಡು ಆಗಿರಕೂಡದು ಎನ್ನುತ್ತದೆ ನಿಯಮ.

ಅಂಥ ಜೀಪು ಎಲ್ಲಿದೆ? ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ದುಡಿದ ಪೆಟ್ರೋಲ್ ಜೀಪುಗಳು ಇಂಧನ ದುಬಾರಿಯಾದಾಗ ಡೀಸೆಲ್ ಎಂಜಿನ್ ಹಾಕಿಸಿಕೊಂಡವು. ತುಕ್ಕು ತಿಂದ ಬಾಡಿ ತೊಟ್ಟಿಯ ಜಾಗಕ್ಕೆ ಊರಿನ ಬಾಡಿ ಬಿಲ್ಡರ್ ಹೊಸ ತೊಟ್ಟಿ ಕೂರಿಸಿದ. ಹಿಂದೆ ಎದುರುಬದುರು ಬೆಂಚು ಬಂತು, ಮೇಲೆ ಟಾರ್ಪಾಲಿನ ಬದಲು ತಗಡು ಬಂತು. ಇಂದಿಗೂ ಕೊಡಚಾದ್ರಿಯ ಕಲ್ಲುದಾರಿಯನ್ನು ಪ್ರವಾಸಿಗರ ಸಮೇತ ಹತ್ತುವ ಜೀಪುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬದಲಾಗುತ್ತ ಬದುಕಿದ್ದೇ ಜೀಪಿನ ಚರಿತ್ರೆ. ಆ ಬದಲಾವಣೆಯನ್ನೇ ದೋಷವೆಂದು ಬಗೆದರೆ ವಿಂಟೇಜ್ ನಂಬರು ಸಿಗುವುದು ದುಡಿಯದೆ ಶೆಡ್ಡಿನಲ್ಲಿ ಮಲಗಿದ್ದ ವಾಹನಗಳಿಗೆ ಮಾತ್ರ.

50 ವರ್ಷ ತುಂಬದ ವಾಹನದ ಪಾಡು ಇನ್ನೂ ಬಿಗಿ. 15 ವರ್ಷ ಕಳೆದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಲಘು ವಾಹನಕ್ಕೆ 10,000 ಆಯಿತು. ಅದರ ಮೇಲೆ ಹಸಿರು ತೆರಿಗೆ, ವಿಮೆ, ಎಫ್‌ಸಿ. 1985ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿಯ ಮೊದಲ ತಂಡಕ್ಕೆ 50 ತುಂಬುವುದು 2035ರ ಕೊನೆಗೆ. ಅಂತರರಾಷ್ಟ್ರೀಯ ಹಳೇ ವಾಹನಗಳ ಒಕ್ಕೂಟವಾದ ಫಿವಾ 30 ವರ್ಷಕ್ಕೇ ವಾಹನವನ್ನು ಐತಿಹಾಸಿಕವೆಂದು ಪರಿಗಣಿಸುತ್ತದೆ. ಜರ್ಮನಿಯೂ 30 ವರ್ಷಕ್ಕೆ ಪ್ರತ್ಯೇಕ ನಂಬರ್ ಫಲಕ ಕೊಡುತ್ತದೆ. ಬ್ರಿಟನ್ 40 ವರ್ಷ ಕಳೆದ ವಾಹನಕ್ಕೆ ರಸ್ತೆ ತೆರಿಗೆಯನ್ನೇ ಬಿಟ್ಟಿದೆ.

ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯ ಕಮ್ಮಾರರೊಬ್ಬರ ಕತೆ ಇಲ್ಲಿ ನೆನೆಯುವಂಥದ್ದು. ಗುಜರಿ ಸಾಮಾನಿನಿಂದ, ಸುಮಾರು 60,000 ರೂಪಾಯಿ ಖರ್ಚಿನಲ್ಲಿ, ಕಿಕ್ ಹೊಡೆದು ಸ್ಟಾರ್ಟ್ ಮಾಡುವ ಪುಟ್ಟ ಜೀಪೊಂದನ್ನು ಅವರು ಕಟ್ಟಿದರು. 2021ರ ಡಿಸೆಂಬರ್‌ನಲ್ಲಿ ಅದನ್ನು ಕಂಡ ಆನಂದ್ ಮಹೀಂದ್ರ, ನಿಯಮಕ್ಕೆ ಹೊಂದದ ಈ ವಾಹನವನ್ನು ಅಧಿಕಾರಿಗಳು ಇಂದಲ್ಲ ನಾಳೆ ತಡೆಯುತ್ತಾರೆಂದು ಹೇಳಿ, ಬದಲಿಗೆ ಬೊಲೆರೊ ಕೊಡಲು ಮುಂದಾದರು. ಆ ಜೀಪನ್ನು ಚೆನ್ನೈ ಸಮೀಪದ ತಮ್ಮ ಮಹೀಂದ್ರ ರಿಸರ್ಚ್ ವ್ಯಾಲಿಯಲ್ಲಿ ಇಡಬಹುದೆಂದೂ ಹೇಳಿದರು. ಮುಂದಿನ ತಿಂಗಳು ವಿನಿಮಯ ನಡೆಯಿತು. ಆ ಜೀಪಿನ ಸುರಕ್ಷತೆಯನ್ನು ಯಾರೂ ಪರೀಕ್ಷಿಸಿರಲಿಲ್ಲ, ಹಾಗಾಗಿ ರಸ್ತೆಗೆ ಬೇಡವೆಂದದ್ದು ಸರಿ. ಬೇಸರದ ಸಂಗತಿಯೆಂದರೆ, ಆತ ಪರೀಕ್ಷೆಗೆ ಒಪ್ಪಿಸಿ ಪಾಸು ಮಾಡಿಸಿಕೊಳ್ಳಲು ದಾರಿಯೇ ಇರಲಿಲ್ಲ. ಇಂಥ ಪ್ರತಿಭೆಗೆಲ್ಲ ಉದ್ಯಮಿಯೊಬ್ಬರ ಕಣ್ಣು ಬೀಳುವವರೆಗೆ ಕಾಯುವುದು ವ್ಯವಸ್ಥೆ ಅನ್ನಿಸಿಕೊಳ್ಳುವುದಿಲ್ಲ.

ಹೊಗೆಯ ಆಕ್ಷೇಪಕ್ಕೆ ಉತ್ತರ ಕೊಡದೆ ಈ ವಾದ ಪೂರ್ತಿಯಾಗದು. ಹಳೇ ಡೀಸೆಲ್ ಜೀಪು ಇಂದಿನ ಬಿಎಸ್-6 ವಾಹನಕ್ಕಿಂತ ಬಹಳ ಹೆಚ್ಚು ಹೊಗೆ ಉಗುಳುತ್ತದೆ. ಅದನ್ನು ದಿನಾ ಆಫೀಸಿಗೆ ಓಡಿಸುವುದನ್ನು ಸಮರ್ಥಿಸಲು ಯಾರಿಂದಲೂ ಸಾಧ್ಯವಿಲ್ಲ. ಆದ್ದರಿಂದ 30 ವರ್ಷ ದಾಟಿದ ವಾಹನಗಳಿಗೆ ಒಂದು ಹೊಸ ವರ್ಗ ಮಾಡಿ, ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಎಂಬ ಮಿತಿ ಹಾಕಿ, ಓಡೋಮೀಟರ್ ಓದಿ ಬರೆದುಕೊಳ್ಳಲಿ. ಪ್ರತಿ ವರ್ಷ ಹೊಗೆ ತಪಾಸಣೆ, ಬ್ರೇಕು, ಸ್ಟಿಯರಿಂಗ್, ಚಾಸಿಯ ಪರೀಕ್ಷೆ ಕಡ್ಡಾಯ ಮಾಡಲಿ. ಪಾಸಾದರೆ ಶುಲ್ಕ ಕಡಿಮೆ ಇರಲಿ, ಫೇಲಾದರೆ ಸರಿಪಡಿಸುವವರೆಗೂ ರಸ್ತೆಗೆ ಬಿಡದಿರಲಿ. ಎಂದೋ ಬದಲಾದ ಡೀಸೆಲ್ ಎಂಜಿನ್ ಆರ್‌ಸಿಯಲ್ಲಿ ದಾಖಲಾಗಿದ್ದರೆ, ಅದೇ ಕಾಲದ್ದಾಗಿದ್ದರೆ, ಅದನ್ನು ಆ ವಾಹನದ ಚರಿತ್ರೆಯ ಭಾಗವೆಂದೇ ಒಪ್ಪಿಕೊಳ್ಳಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮನಬಂದಂತೆ ಮಾರ್ಪಾಡು ಮಾಡುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಇಂದು ಹೊಸ ಥಾರ್‌ಗೆ ದೈತ್ಯ ಟೈರು ಹಾಕಿಸುವವರನ್ನು ತಡೆಯಲು ಆ ನಿಯಮ ಇರಲಿ. ನಲವತ್ತು ವರ್ಷದ ಹಿಂದೆ ತೋಟದ ಮಾಲೀಕ ಇಂಧನದ ಖರ್ಚು ಉಳಿಸಲೆಂದು ಮಾಡಿಸಿದ ಕೆಲಸವನ್ನು ಅದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಇನ್ನು ಗುಜರಿ ನೀತಿ. 2021ರಿಂದ ಹಳೇ ವಾಹನಗಳು ನೋಂದಾಯಿತ ಕೇಂದ್ರಗಳಿಗೇ ಹೋಗಬೇಕೆಂಬ ವ್ಯವಸ್ಥೆ ಬೇರೂರುತ್ತಿದೆ. ಪುದುಪೇಟೆಯನ್ನು ಊರಾಚೆಗೆ ಸಾಗಿಸುವ ಮಾತೂ ಆಗಾಗ ಕೇಳಿಬರುತ್ತದೆ. ನೆಲಕ್ಕೆ ಎಣ್ಣೆ ಸುರಿದು ನದಿಗೆ ಹರಿಸುವ ಕೆಲಸ ನಿಲ್ಲಲೇಬೇಕು. ಹಾಗೆಂದು ಸಿಜೆ3ಬಿಯ ಒಳ್ಳೆಯ ಗೇರ್‌ಬಾಕ್ಸ್, ಜಿಪ್ಸಿಯ ಆಕ್ಸೆಲ್ ಬರೀ ಕಬ್ಬಿಣದ ತೂಕಕ್ಕೆ ಕುಲುಮೆ ಸೇರಬೇಕಾಗಿಲ್ಲ. ತಯಾರಿಕೆ ನಿಂತ ಮಾದರಿಗಳ ಬಿಡಿಭಾಗಗಳನ್ನು ಈ ಕೇಂದ್ರಗಳು ನಂಬರ್ ಸಮೇತ ದಾಖಲಿಸಿ ರಸೀದಿ ಕೊಟ್ಟು ಮಾರಲಿ. ಅವನ್ನು ಗುರುತಿಸಬಲ್ಲ, ಬಿಚ್ಚಬಲ್ಲ ಪುದುಪೇಟೆಯ ಕೆಲಸಗಾರರಿಗೆ ಅಲ್ಲೇ ಕೆಲಸ ಕೊಡಲಿ. ಬೋಲ್ಟ್ ಮುರಿಯದೆ ಹಳೇ ಡಿಫರೆನ್ಷಿಯಲ್ ಬಿಚ್ಚುವುದು ಹೇಗೆಂದು ಐಟಿಐ ಹುಡುಗರಿಗೆ ಹೇಳಿಕೊಡಲು ಅವರಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.