ಕನ್ನಡಿಯೊಳಗಿನ ಟಿವಿ

ಪ್ರೀತಿಯ ಮಕ್ಕಳೇ,

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದೆ. ಒಂದು ಕೆನ್ನೆಯ ಮೇಲೆ ಇನ್ನೂ ನೊರೆ ಇತ್ತು. ಆರನೇ ತರಗತಿಯ ಮೊಮ್ಮಗಳು ಪುಟ್ಟಿ ಓಡಿಬಂದು ಬಾಗಿಲಲ್ಲಿ ನಿಂತಳು.

"ತಾತ, ಇನ್ಮೇಲೆ ಈ ಕನ್ನಡಿಯಲ್ಲಿ ಕ್ರಿಕೆಟ್ ಬರುತ್ತಂತೆ!"

ವಿಷಯ ಇಷ್ಟೇ. ನಮ್ಮ ಹಳೆಯ ಬಚ್ಚಲುಮನೆಯ ಟೈಲ್ಸ್ ಕಿತ್ತು ಹೊಸದು ಹಾಕಿಸುವ ಕೆಲಸ ಶುರುವಾಗುವುದರಲ್ಲಿತ್ತು. ನನ್ನ ಮಗ ಊರಿಗೆ ಹೋದಾಗ ಯಾವುದೋ ಹೋಟೆಲಿನಲ್ಲಿ ವಾಷ್ ಬೇಸಿನ್ ಮೇಲಿನ ಕನ್ನಡಿಯಲ್ಲೇ ಟಿವಿ ಮೂಡುವುದನ್ನು ನೋಡಿ ಬಂದಿದ್ದ. ಆರಿಸಿದರೆ ಬರೀ ಕನ್ನಡಿ, ಹಾಕಿದರೆ ವಾರ್ತೆ. "ನಮ್ಮ ಹಳೇ 32 ಇಂಚಿನ ಟಿವಿ ಅಟ್ಟದ ಮೇಲೆ ಸುಮ್ಮನೆ ಕೂತಿದೆಯಲ್ಲ ಅಪ್ಪಾ. ಗೋಡೆಯಲ್ಲಿ ಗೂಡು ಕೊರೆದು, ಅದನ್ನಿಟ್ಟು, ಮುಂದೆ ಕನ್ನಡಿ ಹಾಕಿದರಾಯ್ತು" ಎಂಬುದು ಅವನ ಲೆಕ್ಕ.

ಪುಟ್ಟಿಯ ಅಜ್ಜಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. "ಇರೋದು ಒಂದೇ ಬಚ್ಚಲು. ಅದರೊಳಗೆ ಟಿವಿ ಇಟ್ಟರೆ ಹೋದವರು ಹೊರಗೆ ಬರೋದು ಯಾವಾಗ?"

ಪುಟ್ಟಿಯ ಪ್ರಶ್ನೆ ಮಾತ್ರ ಬೇರೆ. "ತಾತ, ಈಗ ಕನ್ನಡಿಯ ಹಿಂದೆ ಗೋಡೆ ಇದೆ. ಅದು ಕಾಣಿಸಲ್ಲ. ಹಾಗಿದ್ದ ಮೇಲೆ ಟಿವಿ ಇಟ್ಟರೆ ಅದು ಹೇಗೆ ಕಾಣಿಸುತ್ತೆ?"

ಒಳ್ಳೆಯ ಪ್ರಶ್ನೆ. ಕೆನ್ನೆ ತೊಳೆದುಕೊಂಡು ಬಂದು ಜಗಲಿಯಲ್ಲಿ ಕೂತೆ.

ಬೇಲೂರಿಗೆ ಹೋಗಿದ್ದೀರಲ್ಲ, ಅಲ್ಲಿಯ ದರ್ಪಣ ಸುಂದರಿಯನ್ನು ನೆನಪು ಮಾಡಿಕೊಳ್ಳಿ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯ ಅದು. ಆ ಸುಂದರಿಯ ಕೈಯಲ್ಲಿ ಒಂದು ದುಂಡು ಕನ್ನಡಿ ಇದೆ. ಆ ಕಾಲದ ನಮ್ಮ ಕನ್ನಡಿಗಳು ಉಜ್ಜಿ ಹೊಳಪು ಕೊಟ್ಟ ಲೋಹದವು. ಕೇರಳದ ಆರನ್ಮುಳದಲ್ಲಿ ಇವತ್ತಿಗೂ ತಾಮ್ರ, ತವರ ಬೆರೆಸಿದ ಲೋಹದಿಂದ ಅಂಥ ಕನ್ನಡಿ ಮಾಡುತ್ತಾರೆ. ಅದರ ಹಿಂದೆ ಏನಿಟ್ಟರೂ ಕಾಣುವುದಿಲ್ಲ. ಲೋಹದೊಳಗಿಂದ ಬೆಳಕು ತೂರುವುದಿಲ್ಲವಲ್ಲ!

ನಮ್ಮ ಮನೆಗಳ ಕನ್ನಡಿ ಗಾಜಿನದು. ಗಾಜಿನ ಬೆನ್ನಿಗೆ ಬೆಳ್ಳಿಯ ತೆಳು ಲೇಪ, ಅದು ಕಿತ್ತುಹೋಗದಂತೆ ಅದರ ಮೇಲೆ ಬಣ್ಣ. ಗಾಜಿಗೆ ರಾಸಾಯನಿಕ ವಿಧಾನದಿಂದ ಬೆಳ್ಳಿ ಹಿಡಿಸುವುದನ್ನು 19ನೇ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ ತೋರಿಸಿಕೊಟ್ಟ. ಈ ಕನ್ನಡಿಯಲ್ಲೂ ಬೆಳಕು ಆಚೆ ಹೋಗದು. ಅಂದರೆ ನನ್ನ ಮಗನ ಲೆಕ್ಕದಲ್ಲಿ ಮೊದಲ ತಪ್ಪು ಇಲ್ಲೇ ಇತ್ತು. ಮಾಮೂಲಿ ಕನ್ನಡಿಯ ಹಿಂದೆ ಟಿವಿ ಇಟ್ಟರೆ ಸದ್ದು ಕೇಳಿಸೀತು, ಚಿತ್ರ ಕಾಣಿಸದು. ಕನ್ನಡಿಯೊಳಗಿನ ಗಂಟು ಅಂತಾರಲ್ಲ, ಅದಕ್ಕಿಂತಲೂ ಕಡೆ!

"ಮತ್ತೆ ಹೋಟೆಲಿನಲ್ಲಿ ಹೇಗೆ ಕಾಣಿಸಿತು?" ಎಂದಳು ಪುಟ್ಟಿ.

"ರಾತ್ರಿ ರೈಲಿನಲ್ಲಿ ಬರುವಾಗ ಕಿಟಕಿಯ ಗಾಜಿನಲ್ಲಿ ಏನು ಕಾಣಿಸುತ್ತೆ, ಹೇಳು."

"ನನ್ನ ಮುಖ."

"ಹಗಲಲ್ಲಿ?"

"ಹೊರಗಿನ ಗದ್ದೆ, ಮರ... ಅದೇ ಗಾಜು!" ಎಂದು ಅವಳೇ ಕಣ್ಣರಳಿಸಿದಳು.

ಹೌದು, ಅದೇ ಗಾಜು. ಕಿಟಕಿಯ ಗಾಜಿನ ಮೇಲೆ ನೂರು ಪಾಲು ಬೆಳಕು ಬಿದ್ದರೆ ಸುಮಾರು 8 ಪಾಲು ಹಿಂದಕ್ಕೆ ಬರುತ್ತದೆ, ಉಳಿದದ್ದರಲ್ಲಿ ಬಹುಪಾಲು ಆಚೆ ಹೋಗುತ್ತದೆ. ಹಗಲಿನಲ್ಲಿ ಹೊರಗಿನಿಂದ ಬರುವ ಬೆಳಕಿನ ಮುಂದೆ ಆ 8 ಪಾಲು ಲೆಕ್ಕಕ್ಕೇ ಬರುವುದಿಲ್ಲ. ರಾತ್ರಿ ಹೊರಗೆ ಕತ್ತಲು, ಒಳಗೆ ದೀಪ. ಆಗ ಆ 8 ಪಾಲೇ ನಮ್ಮ ಮುಖವನ್ನು ತೋರಿಸುತ್ತದೆ. ಗಾಜು ಕಿಟಕಿಯಾಗುವುದೋ ಕನ್ನಡಿಯಾಗುವುದೋ ಯಾವ ಬದಿಯಲ್ಲಿ ಬೆಳಕು ಹೆಚ್ಚು ಎಂಬುದರ ಮೇಲಿದೆ. ನಿಮ್ಮ ಅಮ್ಮನ ಮೊಬೈಲನ್ನೇ ನೋಡಿ. ಆರಿಸಿದಾಗ ಅದರಲ್ಲಿ ನಿಮ್ಮ ಮುಖ, ಹಾಕಿದಾಗ ಚಿತ್ರ.

ಟಿವಿಯ ಮುಂದೆ ಹಾಕುವ ಕನ್ನಡಿಯೂ ಇದೇ ಜಾತಿಯದು. ಅಂಗಡಿಯಲ್ಲಿ ಅದನ್ನು ಟೂ ವೇ ಮಿರರ್ ಎನ್ನುತ್ತಾರೆ. ಲೋಹದ ಲೇಪವನ್ನು ಎಷ್ಟು ತೆಳ್ಳಗೆ ಕೊಟ್ಟಿರುತ್ತಾರೆಂದರೆ ಬಿದ್ದ ಬೆಳಕಿನಲ್ಲಿ ಒಂದಷ್ಟು ಹಿಂದಕ್ಕೆ ಬರುತ್ತದೆ, ಒಂದಷ್ಟು ತೂರಿ ಹೋಗುತ್ತದೆ. ಬೆನ್ನಿಗೆ ಬಣ್ಣ ಇರುವುದಿಲ್ಲ. ಟಿವಿ ಆರಿದ್ದಾಗ ಅದರ ಕಪ್ಪು ಪರದೆಯಿಂದ ಬೆಳಕು ಬಾರದು, ನಮಗೆ ಕಾಣುವುದು ನಮ್ಮ ಮುಖ. ಹಾಕಿದಾಗ ಒಳಗಿನ ಬೆಳಕು ಗೆಲ್ಲುತ್ತದೆ, ಚಿತ್ರ ಕಾಣುತ್ತದೆ. ಟಿವಿ ಇಲ್ಲದ ಭಾಗದ ಹಿಂದೆಲ್ಲ ಕಪ್ಪು ಹಾಳೆ ಅಂಟಿಸಬೇಕು. ಇಲ್ಲದಿದ್ದರೆ ಟಿವಿಯ ಬೆಳಕು ಹರಡಿ ಗೂಡಿನ ಸಿಮೆಂಟು, ವೈರು ಎಲ್ಲವೂ ಕಾಣುತ್ತವೆ. ಪರದೆ ಗಾಜಿಗೆ ಆದಷ್ಟು ಹತ್ತಿರ ಇರಬೇಕು. ಆದರೆ ಬೆನ್ನ ಕಡೆ ಗಾಳಿಯಾಡಲು ಜಾಗ ಬೇಕು, ಇಲ್ಲದಿದ್ದರೆ ಟಿವಿ ಕಾದು ಕೆಡುತ್ತದೆ. ರಿಮೋಟಿನ ಕಾಣದ ಕಿರಣಕ್ಕೆ ಆ ಲೇಪ ಅಡ್ಡಬಂದರೆ, ಅದನ್ನು ಹಿಡಿಯುವ ಪುಟ್ಟ ಕಣ್ಣನ್ನು ಕನ್ನಡಿಯ ಅಂಚಿನಲ್ಲಿ ಹೊರಗಿಡಬೇಕು. ನಾಳೆ ರಿಪೇರಿ ಬಂದರೆ ಗೋಡೆ ಒಡೆಯುವ ಹಾಗಾಗಬಾರದು, ಕನ್ನಡಿಯನ್ನು ಬಾಗಿಲಿನಂತೆ ತೆರೆಯಲು ಬರಬೇಕು.

ಒಂದು ತಮಾಷೆಯೂ ಇದೆ. ಬಿಸಿನೀರಿನ ಸ್ನಾನ ಮಾಡಿದಾಗ ಕನ್ನಡಿಯ ಮೇಲೆ ಮಂಜು ಕಟ್ಟುತ್ತದಲ್ಲ? ತಣ್ಣಗಿರುವ ಗಾಜಿಗೆ ಆವಿ ತಾಗಿ ಹನಿಯಾಗುವುದೇ ಅದಕ್ಕೆ ಕಾರಣ. ಟಿವಿ ಓಡುತ್ತಿದ್ದರೆ ಅದರ ಕಾವಿಗೆ ಗಾಜು ಬೆಚ್ಚಗಾಗಿ ಆ ಚೌಕದಷ್ಟು ಜಾಗದಲ್ಲಿ ಮಂಜು ಕಟ್ಟುವುದು ಕಡಿಮೆ. ಉಳಿದ ಕನ್ನಡಿಯೆಲ್ಲ ಬೆಳ್ಳಗೆ, ನಡುವೆ ಟಿವಿ ಮಾತ್ರ ನಿಚ್ಚಳ!

ಆದರೆ ನನಗೊಂದು ಚಿಂತೆ ಹತ್ತಿತು. ಈ ಕನ್ನಡಿ ಬೆಳಕನ್ನೆಲ್ಲ ಹಿಂದಕ್ಕೆ ಕೊಡುವುದಿಲ್ಲ. ಆದ್ದರಿಂದ ಮುಖ ಮಾಮೂಲಿ ಕನ್ನಡಿಗಿಂತ ಮಬ್ಬಾಗಿಯೇ ಕಾಣುತ್ತದೆ. ನನ್ನ ಬಲಗಣ್ಣಿನಲ್ಲಿ ಪೊರೆ ಬರುತ್ತಿದೆ. ಮಬ್ಬು ಕನ್ನಡಿ ನೋಡಿಕೊಂಡು ಬ್ಲೇಡು ಹಿಡಿಯುವುದು ಹೇಗೆ? ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನನಗೆ ಹೊಳೆದೇ ಇರಲಿಲ್ಲ ಅಪ್ಪಾ" ಅಂದ. ಪಕ್ಕದಲ್ಲೇ ನನಗೊಂದು ಮಾಮೂಲಿ ಕನ್ನಡಿ, ಅದರ ಮೇಲೊಂದು ದೀಪ ಎಂದು ತೀರ್ಮಾನವಾಯಿತು.

ಇಷ್ಟರಲ್ಲಿ ವೈರಿಂಗ್ ಕೆಲಸದವರು ಬಂದರು. ಹಿರಿಯರು, ಕೈ ಪಳಗಿದವರು. ನಕ್ಷೆ ನೋಡಿ ಅವರು ಕೇಳಿದ ಮೊದಲ ಮಾತು, "ಷವರ್ ಎಲ್ಲಿ ಬರುತ್ತೆ ಸಾರ್?"

ನೀರು ಚಿಮ್ಮುವ ಕಡೆ ಇಂಥ ಟಿವಿ ಇಡಬಾರದು, ಒಣಗಿರುವ ಗೋಡೆಯಲ್ಲೇ ಇಡಬೇಕು. ಯುರೋಪಿನ ನಿಯಮಗಳಲ್ಲಿ ಸ್ನಾನದ ತೊಟ್ಟಿಯ ಅಂಚಿನಿಂದ 60 ಸೆಂ.ಮೀ. ಆಚೆಯವರೆಗೂ ವಿಶೇಷ ಎಚ್ಚರದ ಜಾಗವೇ. ಸಾಮಾನಿನ ಮೇಲೆ ಐಪಿ ಎಂಬ ಅಕ್ಷರಗಳೂ ಎರಡು ಅಂಕೆಗಳೂ ಇರುತ್ತವೆ. ಮೊದಲ ಅಂಕೆ ದೂಳಿಗೆ, ಎರಡನೆಯದು ನೀರಿಗೆ. ಎರಡನೆಯ ಅಂಕೆ 4 ಇದ್ದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ, 5 ಇದ್ದರೆ ಪೈಪಿನಿಂದ ಚಿಮ್ಮಿದರೂ ತಡೆಯುತ್ತದೆ. ಅಟ್ಟದ ಮೇಲಿನ ನಮ್ಮ ಹಳೆಯ ಟಿವಿಗೆ ಇವು ಯಾವುದೂ ಇಲ್ಲ. ಅದರ ಬೆನ್ನ ತುಂಬ ಗಾಳಿಯಾಡುವ ತೂತುಗಳು. ಆವಿ ಒಳಗೆ ಹೋಗಲು ಅಷ್ಟು ಸಾಕು. ಬಚ್ಚಲಿಗೆಂದೇ ಮಾಡಿದ ಟಿವಿಗಳಿವೆ. ಅವುಗಳಲ್ಲಿ ಹಲವು 12 ವೋಲ್ಟಿನಲ್ಲಿ ನಡೆಯುತ್ತವೆ. ಅಡಾಪ್ಟರ್ ಹೊರಗಿನ ಕೋಣೆಯಲ್ಲಿರುತ್ತದೆ, ಬಚ್ಚಲಿನೊಳಗೆ ಬರುವುದು 12 ವೋಲ್ಟಿನ ವೈರು ಮಾತ್ರ.

"ಮನೆಗೆ ಬರುವ 230 ವೋಲ್ಟಿಗೆ ಅಷ್ಟು ಹೆದರಬೇಕಾ? ಫ್ಯೂಸ್ ಇದೆಯಲ್ಲ?" ಎಂದು ಪುಟ್ಟಿ ಕೇಳಿದಳು. ಶಾಲೆಯ ಗಣಿತದಲ್ಲೇ ನೋಡೋಣ ಎಂದು ಅವಳ ನೋಟ್‌ಬುಕ್ ತರಿಸಿದೆ. ಒಣ ಚರ್ಮ ವಿದ್ಯುತ್ತನ್ನು ಚೆನ್ನಾಗಿ ತಡೆಯುತ್ತದೆ. ನೆಂದ ಮೈಯ ತಡೆ ಸಾವಿರ ಓಮ್‌ನಷ್ಟಕ್ಕೆ ಇಳಿಯಬಹುದು. 230ನ್ನು 1000ದಿಂದ ಭಾಗಿಸು. 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಮನುಷ್ಯನ ಜೀವ ತೆಗೆಯಲು ಇದು ಧಾರಾಳ. ಆದರೆ ಗೀಸರಿನ ಲೈನಿಗೆ ಹಾಕಿರುವ 16 ಆಂಪಿಯರಿನ ಎಂಸಿಬಿಗೆ ಇದು ಏನೇನೂ ಅಲ್ಲ. ಅದು ಕಾಯುವುದು ವೈರನ್ನು, ನಮ್ಮನ್ನಲ್ಲ.

ನಮ್ಮನ್ನು ಕಾಯುವುದು ಇನ್ನೊಂದು ಸಾಧನ. ಹಿಂದೆ ಇಎಲ್‌ಸಿಬಿ ಎನ್ನುತ್ತಿದ್ದರು, ಈಗ ಆರ್‌ಸಿಸಿಬಿ ಎನ್ನುತ್ತಾರೆ. ಅದರ ಕೆಲಸ ಶಾಲೆಯ ಪ್ರವಾಸದಲ್ಲಿ ತಲೆ ಎಣಿಸುವ ಟೀಚರಿನದು. ಬಸ್ಸಿನಿಂದ ಇಳಿದವರು 40, ಹತ್ತಿದವರೂ 40 ಇರಬೇಕು. ಒಬ್ಬರು ಕಡಿಮೆಯಾದರೂ ಬಸ್ಸು ಹೊರಡುವ ಹಾಗಿಲ್ಲ. ಹಾಗೆಯೇ ಒಂದು ತಂತಿಯಲ್ಲಿ ಹೋದ ಕರೆಂಟು ಇನ್ನೊಂದರಲ್ಲಿ ಅಷ್ಟೇ ವಾಪಸ್ ಬರಬೇಕು. ಬರಲಿಲ್ಲವೆಂದರೆ ಎಲ್ಲೋ ಸೋರಿದೆ, ಬಹುಶಃ ಯಾರದೋ ಮೈಯ ಮೂಲಕ. ಮನೆಗಳಿಗೆ ಹಾಕುವ ಸಾಧನ 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೂ ಸೆಕೆಂಡಿನ ಸಣ್ಣ ಭಾಗದಲ್ಲಿ ಕರೆಂಟು ಕತ್ತರಿಸುತ್ತದೆ.

"ನಮ್ಮ ಮನೇಲಿ ಅದು ಇದೆಯಾ ತಾತ?"

"ಓಹೋ, ಮನೆ ಕಟ್ಟಿಸಿದಾಗಲೇ ಹಾಕಿಸಿದ್ದೇನೆ" ಎಂದು ಹೆಮ್ಮೆಯಿಂದ ಮೇನ್ ಬೋರ್ಡಿನ ಮುಚ್ಚಳ ತೆಗೆದು ತೋರಿಸಿದೆ. ಅದರ ಮೇಲೆ ಟಿ ಅಕ್ಷರದ ಪುಟ್ಟ ಗುಂಡಿ ಇತ್ತು. ಟಿ ಎಂದರೆ ಟೆಸ್ಟ್. ಕರೆಂಟು ಇರುವಾಗ ಅದನ್ನು ಒತ್ತಿದರೆ ಸಾಧನ ಟಪ್ ಎಂದು ಬೀಳಬೇಕು, ದೀಪ ಆರಬೇಕು.

ಒತ್ತಿದೆ. ಫ್ಯಾನು ತಿರುಗುತ್ತಲೇ ಇತ್ತು.

ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದೆ. ದೀಪ ಉರಿಯುತ್ತಲೇ ಇತ್ತು. ವೈರಿಂಗಿನವರು ಬಂದು ಒತ್ತಿದರು, ಮೀಟರ್ ಹಿಡಿದು ನೋಡಿದರು, ನನ್ನ ಮುಖ ನೋಡಿದರು. "ಇದು ಸತ್ತುಹೋಗಿದೆ ಸಾರ್. ಕೊನೇ ಸಲ ಯಾವಾಗ ಒತ್ತಿದ್ರಿ?"

ಮಕ್ಕಳೇ, ನಿಮ್ಮ ಹತ್ತಿರ ಸುಳ್ಳು ಹೇಳಲಾರೆ. ಒಂದು ಸಲವೂ ಒತ್ತಿರಲಿಲ್ಲ. ಅದೇ ಲೈನಿನ ಗೀಸರಿನ ಬಿಸಿನೀರಿನಲ್ಲಿ ನಾವು ಐದೂ ಜನ ದಿನಾ ಬೆಳಿಗ್ಗೆ ಸ್ನಾನ ಮಾಡುತ್ತಿದ್ದೆವು. ಕಾವಲುಗಾರ ಇದ್ದಾನೆಂದು ನಂಬಿ ಮಲಗಿದ್ದೆವು, ಅವನಿಗೆ ಜೀವವೇ ಇರಲಿಲ್ಲ. ಪುಟ್ಟಿಯ ಅಜ್ಜಿ ಒಂದು ಮಾತೂ ಆಡದೆ ಗೀಸರಿನ ಸ್ವಿಚ್ ಆರಿಸಿ, ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟಳು. ಮರುದಿನ ಹೊಸ ಸಾಧನ ಬಂತು. ಅರ್ಥ್ ವೈರೂ ಸರಿಯಾಗಿದೆಯೇ ಎಂದು ನೋಡಿಸಿದೆವು. ಹೊಸದರ ಗುಂಡಿ ಒತ್ತಿದಾಗ ಟಪ್ ಎಂದು ಮನೆಯೆಲ್ಲ ಕತ್ತಲಾಯಿತು. ಕತ್ತಲಾಯಿತೆಂದು ನಾವೆಲ್ಲ ಚಪ್ಪಾಳೆ ತಟ್ಟಿದ್ದು ಅದೇ ಮೊದಲು!

ಈಗ ಬಚ್ಚಲುಮನೆ ಸಿದ್ಧವಾಗಿದೆ. ಷವರಿನಿಂದ ದೂರದ ಗೋಡೆಯಲ್ಲಿ ಗೂಡು ಬಿಟ್ಟಿದ್ದಾರೆ, 12 ವೋಲ್ಟಿನ ವೈರಿಗೆ ಪೈಪ್ ಹಾಕಿದ್ದಾರೆ. ಬಚ್ಚಲಿಗೆಂದೇ ಮಾಡಿದ ಟಿವಿಯ ಬೆಲೆ ಕೇಳಿದ ಮಗ, "ಮುಂದಿನ ವರ್ಷ ನೋಡೋಣ" ಎಂದಿದ್ದಾನೆ. ಉಳಿದ ದುಡ್ಡಿನಲ್ಲಿ ಗೋಡೆಗೆ ಒಂದು ಹಿಡಿಕೆ ಬಂದಿದೆ, ನಾವು ಮುದುಕರು ಜಾರದಿರಲಿ ಎಂದು. ನನ್ನ ಕನ್ನಡಿಯ ಮೇಲೆ ದೀಪ ಚೆನ್ನಾಗಿ ಬೆಳಗುತ್ತಿದೆ.

ಇನ್ನು ಆ ಗುಂಡಿ. ತಿಂಗಳಿಗೊಮ್ಮೆ ಒತ್ತಬೇಕು, ಆದರೆ ನೆನಪಿಡುವವರು ಯಾರು? ಅಜ್ಜಿಯೇ ದಾರಿ ಹೇಳಿದಳು. ಸಂಕಷ್ಟಿ ಉಪವಾಸವನ್ನು ಅವಳು ಒಂದು ತಿಂಗಳೂ ಮರೆತವಳಲ್ಲ. ಈಗ ಸಂಕಷ್ಟಿಯ ಬೆಳಿಗ್ಗೆ ಪುಟ್ಟಿ, "ತಾತ, ಗುಂಡಿ!" ಎಂದು ಕೂಗುತ್ತಾಳೆ. ನಾನು ಹೋಗಿ ಒತ್ತುತ್ತೇನೆ. ಟಪ್ ಎಂದ ಮೇಲೆಯೇ ಉಳಿದ ಕೆಲಸ.

ನಿಮ್ಮ ಮನೆಯ ಬೋರ್ಡಿನಲ್ಲಿ ಆ ಗುಂಡಿ ಇದೆಯೇ? ನೀವು ಮುಟ್ಟಬೇಡಿ, ಅಜ್ಜನನ್ನೋ ಅಪ್ಪನನ್ನೋ ಕೈಹಿಡಿದು ಕರೆದುಕೊಂಡು ಹೋಗಿ. ಒತ್ತಿದಾಗ ಬೀಳದಿದ್ದರೆ ಅಥವಾ ಅಂಥ ಸಾಧನವೇ ಇಲ್ಲದಿದ್ದರೆ, ಅಂದೇ ಎಲೆಕ್ಟ್ರಿಷಿಯನ್ನರಿಗೆ ಹೇಳಿಸಿ.

ಮಾಡಿ ನೋಡಿ: ಫೋಟೋ ಫ್ರೇಮಿನ ಗಾಜೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಮುಂದೆ ಒಂದು ಚಿಕ್ಕ ಮೇಣದಬತ್ತಿ, ಹಿಂದೆ ಅಷ್ಟೇ ದೂರದಲ್ಲಿ ನೀರು ತುಂಬಿದ ಗಾಜಿನ ಲೋಟ ಇಡಿ. ದೊಡ್ಡವರಿಂದ ಬತ್ತಿ ಹಚ್ಚಿಸಿ, ಕೋಣೆಯ ದೀಪ ಆರಿಸಿ. ಮುಂದಿನಿಂದ ನೋಡಿದರೆ ನೀರಿನೊಳಗೆ ದೀಪ ಉರಿಯುತ್ತಿರುತ್ತದೆ! 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬಾತ ಇದೇ ಉಪಾಯದಿಂದ, ದೊಡ್ಡ ಗಾಜಿಟ್ಟು, ರಂಗದ ಮೇಲೆ ದೆವ್ವವನ್ನೇ ತೋರಿಸಿದ್ದ. ನೀವು ನಿಮ್ಮ ಅಜ್ಜಿಗೆ ತೋರಿಸಿ, ಅವರು ಏನಂದರೆಂದು ನನಗೆ ಬರೆಯಿರಿ.

ನಿಮ್ಮ ಪ್ರೀತಿಯ,
ತಾತ